ಹಳದಿ ಗೆರಿ ಮ್ಯಾಲಿನ ಒಂದು ಕಾಲು

ಖಾಕಿ ಕಂಡ್ರ ಮಂದಿಗೆ ಅಂಜಿಕಿ. ನನಗ ಹೇಸಿಕಿ. ಯಾಕಂತ ಹೇಳ್ತೇನಿ ಕೇಳ್ರಿ.

ನಾವು ಊರು ಬಿಟ್ಟು ದುಡಿಯಾಕ ಬಂದು, ಕೊರ್ತಾಲಿಮ್‌ನಾಗ ಬಾಡಿಗಿ ಖೋಲಿ ಹಿಡದೇವಿ. ನಮ್ಮ ಮನಿಯವ್ರು ದಿಲ್ಲಿ ಸರ್ಕಾರದ ಒಂದು ಯಾರ್ಡಿನಾಗ ಪೈಪು ಎತ್ತೂ ಕೆಲಸ ಮಾಡ್ತಾರ. ಒಳಗ ಬಂದೂಕು ಹಿಡದ ಕೇಂದ್ರದ ಕಾವಲು, ಹೊರಗಿನ ರಸ್ತೆ ಇಲ್ಲಿನ ಪೊಲೀಸರದು. ನಡುವ ಗೇಟಿನ ಮುಂದ ಒಂದು ಹಳದಿ ಗೆರಿ. ನನಗ ಪಾಸ್ ಇಲ್ಲ, ದಿನಾ ಆ ಗೆರಿ ಹತ್ರ ನಿಂತು ಬುತ್ತಿ ಕೊಟ್ಟು ಬರ್ತಿದ್ದೆ.

ಅವತ್ತು ಮಧ್ಯಾಹ್ನ ಬುತ್ತಿ ಕೊಟ್ಟೆ, ಅವ್ರು ಒಳಗ ಹೋದ್ರು. ನಾ ತಿರಗೂದ್ರಾಗ ಒಬ್ಬ ಬಂದು ಹೊಟ್ಟಿಗೆ ಚಾಕು ಹಿಡದ. ಮುಂದಿನ ಹಲ್ಲು ಮುರದಿತ್ತು, ಮಾರಿ ಚಲೋತ್ನಾಗಿ ನೋಡೇನಿ. ತಾಳಿ ಹಿಡದು ಜಗ್ಗಿದ. ಬಂಗಾರದ ಎರಡೂ ತಾಳಿ ಅವನ ಕೈಯಾಗ ಹೋದ್ವು, ಹರದ ಕರಿಮಣಿ ದಾರ ನನ್ನ ಕೈಯಾಗ ಉಳೀತು. ಕೊಳ್ಳ ಕೊಯ್ದು ರಕ್ತ ಬಂದಿತ್ತು.

ಅಳಕೋತ ಮನಿಗೆ ಬಂದೆ. ನಮ್ಮತ್ತಿ ಪೊಲೀಸರ ಮಾತ ಎತ್ತಲಿಲ್ಲ. "ಗಂಡ ಗಟ್ಟಿಮುಟ್ಟ ಇರೂ ಹೊತ್ತಿನಾಗ ಬರಿಗೊಳ್ಳಲೇ ಕುಂಡ್ರಬಾರದವ್ವಾ" ಅಂತ ಗಾಯಕ್ಕ ಅರಿಷಿಣ ಮೆತ್ತಿ, ಹೊಸ ದಾರಕ್ಕ ಅರಿಷಿಣ ಕೊಂಬು ಕಟ್ಟಿ ಕೊಳ್ಳಿಗೆ ಹಾಕಿದ್ರು. ಹರದ ಕರಿಮಣಿ ಮನ್ಯಾಗ ಇಡಬಾರದಂತ ಝುವಾರಿ ಹೊಳಿಗೆ ಬಿಟ್ಟು ಬಂದ್ರು. ನಮ್ಮ ಕಡೆ ಹಂಗ ಮಾಡೂದು. ಅದ ನಮಗ ಮುಳುವಾತು.

ಆಮ್ಯಾಲ ಠಾಣಾಕ್ಕ ಹೋದೆ. ಅಲ್ಲಿದ್ದ ಪೊಲೀಸ ಮೊದಲ ಕೇಳಿದ್ದು, ಗೆರಿ ಯಾವ ಕಡೆ ನಿಂತಿದ್ದಿ ಅಂತ.

"ಒಂದು ಕಾಲು ಗೆರಿ ಮ್ಯಾಲಿತ್ರಿ ಸಾಹೇಬ್ರ."

"ಹಂಗಾರ ಅದು ಕೇಂದ್ರದವರ ಕೇಸು. ಅಲ್ಲಿ ಹೋಗು."

ಅಲ್ಲಿ ಹೋದ್ರ ಗೇಟಿನ ಕಾವಲಿನವ ಒಬ್ಬ ಚಹಾ ಕುಡಕೋತ ಕುಂತಿದ್ದ. "ನಾವು ಸರ್ಕಾರದ ಮಾಲು ಕಾಯವ್ರು, ಹೆಂಗಸರ ಕೊಳ್ಳ ಕಾಯವ್ರಲ್ಲ" ಅಂದ. ಥೂ!

ತಿರುಗಿ ಠಾಣಾಕ್ಕ ಬಂದೆ. ಈ ಸಲ ನನ್ನ ಕೊಳ್ಳ ನೋಡಿದ. "ತಾಳಿ ಕೊಳ್ಳಾಗ ಐತಲ್ಲ? ಗಾಯ ಎಲ್ಲೈತಿ, ಬರೇ ಹಳದಿ ಕಾಣ್ತದ. ಹರದ ದಾರ ತೋರಸು."

"ಹೊಳಿಗೆ ಬಿಟ್ವಿರಿ."

ಅವ ನಕ್ಕ. ಬಾಜೂದವನ್ನ ಕರದು, ಇನ್ನೊಮ್ಮೆ ಹೇಳು ಅಂದ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. "ನೀ ಏನೂ ಕಳಕೊಂಡಿಲ್ಲ, ಮನಿಗೆ ಹೋಗು" ಅಂತ ಕಳಿಸಿದ. ಯಾವ ಠಾಣಾಕ್ಕ ಹೋದ್ರೂ ದೂರು ಬರಕೊಳ್ಳಾಕ ಬೇಕಂತ, ಆಮ್ಯಾಲ ಒಬ್ಬ ವಕೀಲರಿಂದ ತಿಳೀತು. ಅವನಿಗೆ ಅದು ಗೊತ್ತಿರಲಿಲ್ಲೇನು? ಚಲೋತ್ನಾಗಿ ಗೊತ್ತಿತ್ತು.

ಎರಡು ತಿಂಗಳಾದ ಮ್ಯಾಲ ನಮ್ಮ ಖೋಲಿ ಮುಂದ ಜೀಪು ಬಂದು ನಿಂತಿತು. ಚಹಾ ಕುಡದವನೂ ಇದ್ದ, ನಕ್ಕವನೂ ಇದ್ದ. ಹಲ್ಲು ಮುರದವ ಅದ ಯಾರ್ಡಿನ ತಾಮ್ರದ ತಂತಿ ಕದ್ದು ಸಿಕ್ಕಿದ್ನಂತ. "ದಿಲ್ಲಿತನಕ ಹೋಗಿರೂ ಕೇಸು. ಇವ ಮೊದಲೂ ಗೇಟಿನ ಹತ್ರ ಸುತ್ತತಿದ್ದ ಅಂತ ಸಾಕ್ಷಿ ಬೇಕು, ಬರ್ರಿ ಬಾಯಾರ" ಅಂದ್ರು. ಅವತ್ತ 'ಹೋಗು' ಅನ್ನಿಸಿಕೊಂಡಾಕಿ ಈಗ ಮರ್ಯಾದಿಯ 'ಬಾಯಾರು' ಆಗಿದ್ದೆ.

ಠಾಣಾದಾಗ ಮೇಜಿನ ಮ್ಯಾಲ ಅವನ ಕಿಸೆದಾಗ ಸಿಕ್ಕ ಸಾಮಾನು ಇಟ್ಟಿದ್ರು. ಒಂದು ಕಾಗದದ ಪೊಟ್ಟಣದಾಗ ನನ್ನ ಎರಡು ತಾಳಿ. ನನ್ನ ಮಗಳು ಕೂಸಿದ್ದಾಗ ಕಚ್ಚಿ ಒಂದನ್ನ ತಗ್ಗು ಮಾಡಿತ್ತು, ಆ ತಗ್ಗು ಹಂಗ ಇತ್ತು. ಕೈ ಚಾಚಿದೆ.

ನಕ್ಕಿದ್ದವ ಪೊಟ್ಟಣ ಹಿಂದ ಸರಿಸಿದ. "ಇದರ ಮ್ಯಾಲ ಯಾರ ಕಂಪ್ಲೇಂಟೂ ಇಲ್ಲಲ್ರಿ. ನಿಮ್ಮದಂತ ಹೆಂಗ ಕೊಡೂದು? ಮೊದಲ ಅವನ ಮಾರಿ ಗುರುತು ಹಿಡೀರಿ."

ಹಲ್ಲು ಮುರದವ ಮೂಲ್ಯಾಗ ಕುಂತು ನನ್ನ ನೋಡಾಕತ್ತಿದ್ದ. ಖರೇ ಹೇಳ್ತೇನಿ, ಆ ಖೋಲ್ಯಾಗ ಅವನಷ್ಟು ಅಸಹ್ಯ ಇವರೂ ಕಂಡ್ರು.

"ನಾ ಏನೂ ಕಳಕೊಂಡಿಲ್ಲಂತ ನೀವ ಹೇಳಿದ್ರಿ ಸಾಹೇಬ್ರ" ಅಂದೆ. "ಏನೂ ಕಳಕೊಳ್ಳದಾಕಿ ಇವನ ಮಾರಿ ಎಲ್ಲಿ ನೋಡ್ಯಾಳ್ರಿ?"

ಅರಿಷಿಣ ಕೊಂಬಿನ ದಾರ ಸೀರಿ ಒಳಗ ಸರಿಸಿಕೊಂಡು, ನಡಕೋತ ಮನಿಗೆ ಬಂದೆ.