ಅಕ್ಕನ ಮನೆಗೆ ಅಪಾಯ ಎಷ್ಟು

ನೆರೆ ಬಂದರೆ ಯಾರ ಮನೆಗೆ ಎಷ್ಟು ಅಪಾಯ ಎಂದು ಗೊತ್ತುಮಾಡುವ ಸರ್ವೆಯ ಹುಡುಗಿ ತುಮಕೂರಿನ ಅಕ್ಕನ ಮನೆಗೆ ಬಂದ ದಿನ ನಾನೂ ಗುಬ್ಬಿಯಿಂದ ಬಂದಿದ್ದೆ. ಪ್ರಶ್ನೆಗಳು ಮೊದಲು ಕಡಲ ತೀರದ ಊರುಗಳಿಗೆಂದು ಮಾಡಿದವಂತೆ. "ಸಮುದ್ರ ಎಷ್ಟು ದೂರ ಆಂಟಿ?" ಎಂದು ಕೇಳಿ ಅವಳೇ ನಕ್ಕಳು. ತುಮಕೂರಿನಲ್ಲಿ ಕೂತು ಸಮುದ್ರದ ದೂರ ಹೇಳಬೇಕಂತೆ. ನನಗೆ ರೇಗಿತು. ಅಕ್ಕ ಮಾತ್ರ ಸಮಾಧಾನವಾಗಿಯೇ, "ಸಮುದ್ರ ಗೊತ್ತಿಲ್ಲ ಕಣಮ್ಮ. ಕೆರೆ ಇಲ್ಲೇ ಹಿಂದ್ಗಡೆ ಐತೆ" ಅಂದಳು.

ಆ ಕೆರೆ ಹೋದ ವರ್ಷ ತುಂಬಿತ್ತು. ನಮ್ಮ ಸೀಮೆಯಲ್ಲಿ ಕೆರೆ ಕೋಡಿ ಬಿದ್ದರೆ ಯಾರೂ ಹೆದರುವುದಿಲ್ಲ, ಬಾಗಿನ ಬಿಡುತ್ತೇವೆ. ಮೊರದಲ್ಲಿ ಅರಿಸಿನ, ಕುಂಕುಮ, ಬಳೆ, ತೆಂಗಿನಕಾಯಿ ಇಟ್ಟುಕೊಂಡು ಬೀದಿಯ ಹೆಂಗಸರೆಲ್ಲ ಏರಿಯ ಮೇಲೆ ಹೊರಟರು. ಪಾರ್ಶ್ವವಾಯು ಹೊಡೆದು ಮಲಗಿದ್ದ ಭಾವನನ್ನು ಮನೆಯಲ್ಲಿ ಬಿಟ್ಟು, ಬಾಗಿಲು ಮುಂದಕ್ಕೆ ಹಾಕಿಕೊಂಡು ಅಕ್ಕನೂ ಹೋದಳು.

ಕೋಡಿಯ ನೀರು ಹರಿಯಬೇಕಾದ ಕಾಲುವೆಯ ಮೇಲೆ ಈಗ ಮನೆಗಳಿವೆ. ಅಲ್ಲಿ ಗಂಗಮ್ಮನ ಪೂಜೆ ನಡೆಯುತ್ತಿದ್ದ ಹೊತ್ತಿಗೆ ಇಲ್ಲಿ ನೀರು ದಾರಿ ಸಿಗದೆ ಬೀದಿಗೆ ನುಗ್ಗಿತು. ಸೊಂಟದ ಮಟ್ಟದ ನೀರಿನಲ್ಲಿ ಅಕ್ಕ ಬಿದ್ದೂ ಎದ್ದೂ ಮನೆ ತಲುಪಿದಾಗ ಭಾವನ ಮಂಚ ಮುಳುಗಿತ್ತು. ಭಾವ ಉಳಿಯಲಿಲ್ಲ. ಅಂದಿನಿಂದ ಅಕ್ಕ ಆ ದಿನದ ಮಾತೆತ್ತಿರಲಿಲ್ಲ. ಎತ್ತಲು ನಮಗೂ ಧೈರ್ಯವಿರಲಿಲ್ಲ.

ಹುಡುಗಿಗೆ ಇದೊಂದೂ ಗೊತ್ತಿಲ್ಲ. ಗೋಡೆಯ ಮೇಲಿನ ನೀರಿನ ಗುರುತಿಗೆ ಟೇಪು ಹಿಡಿದು, ಅಳತೆಯನ್ನು ಮೊಬೈಲಿಗೆ ಹಾಕಿಕೊಂಡಳು. ಪಕ್ಕದ ಮನೆಯಲ್ಲಿ ಅವಳು ಕೇಳಿದ್ದು ನನ್ನ ಕಿವಿಗೆ ಬಿದ್ದಿತ್ತು, ಹಾಗಾಗಿ ಮುಂದಿನದು ಏನೆಂದು ನನಗೆ ಗೊತ್ತಿತ್ತು. ತಡೆಯೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಕೇಳಿಯೇ ಬಿಟ್ಟಳು.

"ಎದ್ದು ಓಡಾಡಕ್ಕೆ ಆಗ್ದೇ ಇರೋರು ಯಾರಾದ್ರೂ ಇದಾರಾ ಆಂಟಿ, ಮನೇಲಿ?"

ಅಕ್ಕ ನನ್ನ ಕಡೆ ನೋಡಲಿಲ್ಲ. "ಇಲ್ಲಮ್ಮ. ಈಗ ಯಾರೂ ಇಲ್ಲ."

"ಒಳ್ಳೇದಾಯ್ತು ಬಿಡಿ. ಹಂಗಾದ್ರೆ ನಿಮ್ಮನೆಗೆ ಅಪಾಯ ಕಮ್ಮಿ ಅಂತ ಬರುತ್ತೆ."

ಅಕ್ಕ "ಹೂಂ" ಅಂದಳು. ಆ ಹುಡುಗಿಯ ಮೇಲೆ ಸಿಟ್ಟು ಮಾಡಿಕೊಳ್ಳಲೂ ನನಗೆ ಆಗಲಿಲ್ಲ. ಅವಳು ಗೇಟು ದಾಟಿ ಹೋಗುವವರೆಗೂ ಅಕ್ಕ ನೆಟ್ಟಗೆ ನಿಂತಿದ್ದಳು. ಆಮೇಲೆ ಹೊಸ್ತಿಲ ಹತ್ತಿರವೇ ಕುಸಿದು ಕುಳಿತಳು.

"ನಾನು ಹೋಗಲ್ಲ ಅಂದೆ ಕಣೋ," ಅಂದಳು. "ಕೆರೆ ತುಂಬೈತೆ, ಹೋಗ್ಬಾ ಅಂತ ಅವ್ರೇ ಕಳ್ಸುದ್ರು."