ಅಣ್ಣನ ಕೆಮ್ಮುಗಳು

ಜನರನ್ನು ನಗಿಸಿ ಬದುಕಿದವರ ಜೀವನಚರಿತ್ರೆಗಳನ್ನು ನಾನೀಗ ಓದುವುದಿಲ್ಲ. ಯಾರಾದರೂ ಪ್ರೀತಿಯಿಂದ ಕೊಟ್ಟರೂ ಅಲ್ಲೇ ವಾಪಸ್ ಕೊಟ್ಟುಬಿಡುತ್ತೇನೆ. ಸೊಕ್ಕು ಎಂದುಕೊಂಡರೆ ಎಂದುಕೊಳ್ಳಲಿ. ಒಂದು ಕಾಲಕ್ಕೆ ಅಂಥ ಪುಸ್ತಕಗಳಿಗಾಗಿ ಊಟ ಬಿಟ್ಟವಳು ನಾನು.

ತೊಂಬತ್ತರ ದಶಕದ ಮೊದಲ ವರ್ಷಗಳು. ಹಾವೇರಿ ಇನ್ನೂ ಜಿಲ್ಲೆಯಾಗಿರಲಿಲ್ಲ. ಬ್ಯಾಡಗಿಯಿಂದ ರಾಣೆಬೆನ್ನೂರಿನ ಕಾಲೇಜಿಗೆ ನಾನು ರೈಲಿನಲ್ಲಿ ಹೋಗಿಬರುತ್ತಿದ್ದೆ. ಅಣ್ಣ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಗುಮಾಸ್ತ. ಸಂಜೆಯಾದರೆ ಅವನೇ ಬೇರೆ. ಗಣಪತಿ ಪೆಂಡಾಲು, ಕಾಲೇಜಿನ ಗ್ಯಾದರಿಂಗು, ಮದುವೆ ಮನೆ, ಎಲ್ಲಿ ಕರೆದರೂ ಹೋಗಿ ಮೈಕಿನ ಮುಂದೆ ಒಬ್ಬನೇ ನಿಂತು ಒಂದು ತಾಸು ಜನರನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತಿದ್ದ.

ಅವನಿಗೆ ಹೆಸರು ತಂದ ಐಟಂ ಎಂದರೆ ಕೆಮ್ಮು. ಸುಗ್ಗಿಯಲ್ಲಿ ಮಾರ್ಕೆಟ್ಟಿನ ಘಾಟಿಗೆ ನಮ್ಮೂರಲ್ಲಿ ಕೆಮ್ಮದವರೇ ಇಲ್ಲ. ಚೀಲ ಹೊತ್ತ ಹಮಾಲನ ಕೆಮ್ಮು, ಗಾದಿಯ ಮೇಲೆ ಕುಳಿತ ದಲಾಲಿಯ ಕೆಮ್ಮು, ದರ ಇಳಿಸಲೆಂದೇ ಕೆಮ್ಮುವ ಖರೀದಿದಾರನ ಕೆಮ್ಮು, ಅತ್ತೆಗೆ ಹೆದರಿ ಸೆರಗಿನೊಳಗೆ ಕೆಮ್ಮುವ ಹೊಸ ಸೊಸೆಯ ಕೆಮ್ಮು; ಹೀಗೆ ಒಟ್ಟು ಏಳು. ಮುಂದಿನ ಸಾಲಿನಲ್ಲಿ ಕುಳಿತು ಮೊದಲು ನಗುವುದು ನನ್ನ ಕೆಲಸ. ಸಭೆ ತಣ್ಣಗಿದ್ದರೆ ಅಣ್ಣ ನನ್ನತ್ತ ನೋಡುತ್ತಿದ್ದ. ನಾನು ಗಹಗಹಿಸುತ್ತಿದ್ದೆ. ಹಿಂದೆಯೇ ಇಡೀ ಪೆಂಡಾಲು ನಗುತ್ತಿತ್ತು. ಹುಡುಗಿ ಹೀಗೆ ಬಾಯಿಬಿಟ್ಟು ನಗಬಾರದೆಂದು ಅವ್ವ ಬಯ್ಯುತ್ತಿದ್ದಳು. ನಾನು ಕೇಳಬೇಕಲ್ಲ!

ಅಣ್ಣನಿಗೆ ಹೊಸ ಜೋಕು ಹುಡುಕಿಕೊಡೋಣವೆಂದೇ ರಾಣೆಬೆನ್ನೂರಿನ ವಾಚನಾಲಯದಿಂದ ನಾಲ್ಕು ಪುಸ್ತಕ ತಂದೆ. ಒಂದು ಕಂಪನಿ ನಾಟಕದ ಹಾಸ್ಯನಟನದು, ಒಂದು ಮುಂಬಯಿಯ ಮಿಮಿಕ್ರಿಯವನದು, ಇನ್ನೆರಡು ಪರದೇಶದಲ್ಲಿ ಅಣ್ಣನಂತೆಯೇ ಒಬ್ಬರೇ ನಿಂತು ನಗಿಸುತ್ತಿದ್ದವರವು. ಜೋಕು ಸಿಕ್ಕಿದ್ದು ಕಡಿಮೆ. ನಾಟಕದವನು ಕುಂಟನ ಪಾತ್ರಕ್ಕೆ ಪ್ರಸಿದ್ಧ. ಅವನ ಕಾಲು ಖರೇ ಬಿದ್ದುಹೋದ ದಿನವೂ ಜನ ಶಿಳ್ಳೆ ಹೊಡೆದರಂತೆ. ಮುಂಬಯಿಯವನು ಮರೆಗುಳಿಯಂತೆ ನಟಿಸಿ ನಟಿಸಿ ಕೊನೆಗೆ ಮಗಳ ಹೆಸರನ್ನೇ ಮರೆತ. ಮೂರನೆಯವನು ವೇದಿಕೆಯ ಮೇಲೆ ಕುಡುಕ. ಅವನು ನಿಜವಾಗಿ ಕುಡಿಯತೊಡಗಿದ್ದು ಹೆಂಡತಿಗೇ ಎರಡು ವರ್ಷ ತಿಳಿಯಲಿಲ್ಲ. ನಾಲ್ಕನೆಯವನ ಕೊನೆಯ ಅಧ್ಯಾಯವನ್ನು ಓದುವ ಧೈರ್ಯ ನನಗಾಗಲಿಲ್ಲ. ರೈಲಿನಲ್ಲಿ ಪುಸ್ತಕ ಮುಚ್ಚಿ, ಬ್ಯಾಡಗಿ ಬರುವವರೆಗೂ ಕಿಟಕಿಯ ಸರಳು ಹಿಡಿದು ಕುಳಿತಿದ್ದೆ.

ಯಾಕೆಂದರೆ ಅಷ್ಟೊತ್ತಿಗೆ ಸುಗ್ಗಿ ಮುಗಿದು ಮಳೆ ಹಿಡಿದಿತ್ತು. ಊರು ಕೆಮ್ಮುವುದನ್ನು ನಿಲ್ಲಿಸಿತ್ತು. ಅಣ್ಣ ನಿಲ್ಲಿಸಿರಲಿಲ್ಲ. ದನಿಯೂ ಒಡೆದಿತ್ತು.

"ಅಣ್ಣಾ, ಹುಬ್ಬಳ್ಳಿಗೆ ಹೋಗಿ ದೊಡ್ಡ ಡಾಕ್ಟರಿಗೆ ತೋರಸು," ಎಂದೆ.

"ಹುಚ್ಚಿ, ಬ್ಯಾಡಗ್ಯಾಗ ಹುಟ್ಟಿ ಕೆಮ್ಮಿಗೆ ಹೆದರಾಕತ್ತೀಯಲ್ಲ! ಘಾಟು ಅದು."

"ಘಾಟು ಎಲ್ಲೈತಿ ಈಗ? ಮಳಿ ಬಿದ್ದು ತಿಂಗಳಾತು."

"ಮೊದಲು ಆ ಪುಸ್ತಕ ವಾಪಸ್ ಕೊಟ್ಟು ಬಾ. ಓದಿ ಓದಿ ತಲಿ ಕೆಟ್ಟೈತಿ ನಿಂದು."

ಅವ್ವನೂ ಅವನ ಕಡೆಗೇ. "ಸುಗ್ಗಿ ಘಾಟು ಒಳಗ ಕುಂತಿರ್ತೈತಿ. ನಾಕ ದಿನ ಕಷಾಯ ಕುಡದ್ರ ಇಳೀತೈತಿ," ಎಂದಳು. ಊರಿಗೆ ಊರೇ ಹಾಗೆ ನಂಬಿತ್ತು, ಅಂಗಡಿಯ ಸಾಹುಕಾರರೂ ಅದನ್ನೇ ಹೇಳಿದರು. ನನಗೆ ಸಿಟ್ಟು ನೆತ್ತಿಗೇರಿತು. ಏನಾದರೂ ಮಾಡಿಕೊಳ್ಳಲಿ ಎಂದು ಮರುದಿನವೇ ನಾಲ್ಕೂ ಪುಸ್ತಕ ವಾಪಸ್ ಕೊಟ್ಟುಬಂದೆ. ಹೆದರಿಕೆ ಮಾತ್ರ ಹೋಗಲಿಲ್ಲ. ಗೋಡೆಯಾಚೆ ಅವನು ಕೆಮ್ಮಿದಾಗಲೆಲ್ಲ ಎಣಿಸುತ್ತ ಕೂಡುತ್ತಿದ್ದೆ.

ಆ ವರ್ಷ ಗಣಪತಿ ಹಬ್ಬಕ್ಕೆ ಹಾವೇರಿಯಿಂದ ಕರೆ ಬಂತು. ಪೆಂಡಾಲು ಕಿಕ್ಕಿರಿದಿತ್ತು. ಒಡಕು ದನಿಯಲ್ಲೇ ಅಣ್ಣ ಏಳೂ ಕೆಮ್ಮು ಮಾಡಿದ. ಆಮೇಲೆ ಎಂಟನೆಯದು ಬಂತು. ಪಾತಾಳದಿಂದ ಎತ್ತಿದಂತೆ, ನಿಲ್ಲದ ಕೆಮ್ಮು. ಮೈಕಿನ ಕೋಲು ಹಿಡಿದು ಬಗ್ಗಿದ. ಜನರಿಗೆ ಏನೂ ತಿಳಿಯಲಿಲ್ಲ, ಪೆಂಡಾಲು ತಣ್ಣಗಾಯಿತು. ಅಣ್ಣ ತಲೆಯೆತ್ತಿ ನನ್ನತ್ತ ನೋಡಿದ.

ಇದು ಆಟವಲ್ಲ ಎಂದು ಗೊತ್ತಿದ್ದವಳು ಅಲ್ಲಿ ನಾನೊಬ್ಬಳೇ. ಎದ್ದು ಓಡಬೇಕಿತ್ತು. ಆದರೆ ಅವನು ನೋಡುತ್ತಿದ್ದಾನೆ, ಆಟ ಕೆಡುತ್ತದೆ, ಮಾನ ಹೋಗುತ್ತದೆ ಎಂದು ನಕ್ಕುಬಿಟ್ಟೆ. ಎಂದಿಗಿಂತ ಜೋರಾಗಿಯೇ ನಕ್ಕೆ. ಹಿಂದಿನಿಂದ ನಗು ಭೋರ್ಗರೆಯಿತು. ಶಿಳ್ಳೆ, ಚಪ್ಪಾಳೆ. "ಒನ್ಸ್ ಮೋರ್!" ಎಂದು ಯಾರೋ ಕೂಗಿದರು. ಅಣ್ಣ ಮತ್ತೆ ಕೆಮ್ಮಿದ, ಜನ ಮತ್ತೆ ನಕ್ಕರು. ಅವನು ಬಾಯಿ ಒರೆಸಿ ಕರವಸ್ತ್ರ ಮಡಚುವಾಗ ಅದು ಕೆಂಪಾಗಿದ್ದದ್ದು ಮುಂದಿನ ಸಾಲಿನಲ್ಲಿದ್ದ ನನಗೆ ಕಾಣಿಸಿತು.

ಹುಬ್ಬಳ್ಳಿಯ ಡಾಕ್ಟರು ಗಂಟಲಲ್ಲಿ ಗಡ್ಡೆ ಬೆಳೆದಿದೆ ಎಂದರು. ಧ್ವನಿಪೆಟ್ಟಿಗೆಯನ್ನೇ ತೆಗೆದು ಜೀವ ಉಳಿಸಿದರು. ಇನ್ನು ಮಾತಿಲ್ಲ, ನಗುವಿಗೂ ಸದ್ದಿಲ್ಲ. ಅವ್ವ ದವಾಖಾನೆಯೆದುರಿನ ಅಂಗಡಿಯಿಂದ ಮಕ್ಕಳ ಪಾಟಿ, ಬಳಪ ತಂದುಕೊಟ್ಟಳು. ನೀರು ಬೇಕು, ದಿಂಬು ಎತ್ತರಿಸು ಎಂದು ಅಣ್ಣ ಅದರ ಮೇಲೆ ಬರೆಯುತ್ತಿದ್ದ.

ಒಂದು ಮಧ್ಯಾಹ್ನ ಅವ್ವ ಚಹಾ ತರಲು ಹೋಗಿದ್ದಳು. ಅಣ್ಣ ಪಾಟಿ ತೊಡೆಯ ಮೇಲಿಟ್ಟುಕೊಂಡು ಏನೋ ಬರೆದ, ಅಂಗೈಯಿಂದ ಒರೆಸಿದ, ಮತ್ತೆ ಬರೆದು ನನ್ನ ಕಡೆ ತಿರುಗಿಸಿದ.

"ಹಾವೇರ್ಯಾಗ ಆಟ ನಿಲ್ಲಸು ಅಂತ ನಿನ್ನ ನೋಡಿದ್ದೆ. ಯಾಕ ನಕ್ಕಿ?"