ಬೆಂಕಿ ಕಾಣದ ಬಾಳೆಹಣ್ಣು

ಮಧ್ಯಾಹ್ನ ಹನ್ನೆರಡು ಗಂಟೆ ಐವತ್ತು ನಿಮಿಷಕ್ಕೆ ಎಲ್ಲ ಕೆಟ್ಟಿತು. ಇಷ್ಟು ಕರಾರುವಾಕ್ಕಾಗಿ ಹೇಳಬಲ್ಲೆ, ಏಕೆಂದರೆ ವಿಡಿಯೊದವನು ಕ್ಯಾಮೆರಾದ ಗಡಿಯಾರವನ್ನು ಮುಚ್ಚಲು ಮರೆತಿದ್ದ. ನನ್ನ ಸೋದರಮಾವನ ಮಗನ ರಿಸೆಪ್ಶನ್ ಕ್ಯಾಸೆಟ್ಟಿನ ಉದ್ದಕ್ಕೂ ಬಲಮೂಲೆಯಲ್ಲಿ ಹಳದಿ ಅಂಕಿಗಳು ಓಡುತ್ತಲೇ ಇರುತ್ತವೆ. ಹನ್ನೆರಡು ಐವತ್ತಕ್ಕೆ ಒಬ್ಬ ಮನುಷ್ಯ ಬಾಣಲೆಯ ಮೇಲೆ ಎರಡನೇ ಸಲ ಬಾಟಲಿ ಬಗ್ಗಿಸುತ್ತಾನೆ. ಹನ್ನೆರಡು ಐವತ್ತನಾಲ್ಕಕ್ಕೆ ನನ್ನ ಆಯಿ, ಎಂದರೆ ಅಮ್ಮ, ತಟ್ಟೆ ಒಡ್ಡುತ್ತಾಳೆ. ಒಂದು ಗಂಟೆ ಒಂದು ನಿಮಿಷಕ್ಕೆ ನಾನು ಬಾಯಿ ತೆರೆಯುತ್ತೇನೆ. ನಡುವಿನ ಹನ್ನೊಂದು ನಿಮಿಷ ಅದೇ ಬಾಣಲೆಯ ಪಕ್ಕ, ರೇಷ್ಮೆ ಸೀರೆ ಉಟ್ಟುಕೊಂಡು, ಸುಮ್ಮನೆ ನಿಂತಿದ್ದೇನೆ. ಕೆಮಿಸ್ಟ್ರಿ ಓದಿದವಳು, ಕುಮಟೆಯ ಹೈಸ್ಕೂಲಿನಲ್ಲಿ ಮಕ್ಕಳಿಗೆ ವಿಜ್ಞಾನ ಹೇಳುವವಳು.

ಮಾವನಿಗೆ ಹೊನ್ನಾವರದಲ್ಲಿ ಫರ್ನಿಚರ್ ಅಂಗಡಿ. ಒಮ್ಮೆ ಗೋವೆಗೆ ಹೋದಾಗ ಯಾವುದೋ ದೊಡ್ಡ ಹೋಟೆಲಿನಲ್ಲಿ ಸಿಹಿಯ ಮೇಜುಗಳನ್ನು ಸಾಲಾಗಿ ಇಟ್ಟಿದ್ದನ್ನು ನೋಡಿ ಬಂದಿದ್ದ. ಅಂದಿನಿಂದ ಹೋಳಿಗೆ, ಜಿಲೇಬಿ ಎಂದರೆ ಮೂಗು ಮುರಿಯುತ್ತಿದ್ದ. ಮಗನ ರಿಸೆಪ್ಶನ್ನಿಗೆ ಏಳು ದೇಶದ ಸಿಹಿ ಎಂದು ಆಮಂತ್ರಣ ಪತ್ರಿಕೆಯಲ್ಲೇ ಅಚ್ಚು ಹಾಕಿಸಿದ. ಕೆಳಗೆ ಕುಲದೇವರ ಹೆಸರು, ಮೇಲೆ ಏಳು ದೇಶ. ಊರಿನ ಸಭಾಭವನದ ಹಿಂದಿನ ಅಂಗಳದಲ್ಲಿ ಬಿಳಿ ಶಾಮಿಯಾನ ಹೊಡೆಸಿ ಏಳು ಮೇಜು ಇಡಿಸಿದ, ಒಂದೊಂದಕ್ಕೂ ಕಾಗದದ ಬಾವುಟ. ಡಬ್ಬಿಯಿಂದ ತೆಗೆದ ರಸಗುಲ್ಲಕ್ಕೆ ಬಾಂಗ್ಲಾದೇಶದ್ದು. ಭಟ್ಕಳ ಪೇಟೆಯ ಹಲ್ವಕ್ಕೆ ಅರಬಸ್ಥಾನದ್ದು. ಆ ಹಲ್ವ ಮಾಡಿದವರ ಅಜ್ಜ ಮುತ್ತಜ್ಜರೆಲ್ಲ ಭಟ್ಕಳದವರೇ ಎಂದು ನಾನು ಹೇಳಿದ್ದಕ್ಕೆ ಮಾವ, "ಬಾವುಟ ಸಿಕ್ಕಿತ್ತು, ಹಾಕಿದೆ. ನಿಂಗೆಂತ?" ಎಂದ. ಇಟಲಿಯ ಮೇಜಿನ ಮೇಲಿದ್ದದ್ದು ಫ್ರೂಟ್ ಸಲಾಡ್.

ಮದುವೆಮನೆಯ ಅಡಿಗೆ, ಆದ್ದರಿಂದ ಮೊಟ್ಟೆ ಕೂಡದು. ನಾವು ವಾರಕ್ಕೆ ಆರು ದಿನ ಮೀನು ತಿನ್ನುವವರು. ಆದರೆ ಮಂಗಳ ಕಾರ್ಯದ ಊಟದಲ್ಲಿ ಮೊಟ್ಟೆ ಎಂದರೆ ಮಾವನಿಗೆ ಮೈ ಮೇಲೆ ಬರುತ್ತಿತ್ತು. ಹಾಗಾಗಿ ಪೋರ್ಚುಗಲ್ಲಿನ ಮೇಜಿಗೆ ಗೋವೆಯ ಬಿಬಿಂಕವನ್ನು ಮೊಟ್ಟೆಯಿಲ್ಲದೆ ಮಾಡಿಸಿದ. ಮೊಟ್ಟೆಯ ಹಳದಿಯನ್ನೇ ಪದರ ಪದರ ಬೇಯಿಸಿ ಮಾಡುವ ತಿಂಡಿ ಅದು. ಬಂದದ್ದು ಮೈದಾ ಹಿಟ್ಟಿನ ಮೆತ್ತನೆ ಇಟ್ಟಿಗೆ. ಜನ ಒಂದು ತುಂಡು ಕಚ್ಚಿ, ಉಳಿದದ್ದನ್ನು ಬಾವುಟದ ಹಿಂದೆ ಅಡಗಿಸಿ ಇಡುತ್ತಿದ್ದರು.

ಏಳನೆಯ ಮೇಜು ಫ್ರಾನ್ಸಿನದು. ಅದರ ಹಿಂದೆ ನಿಂತವನು ಮಾವನ ಹೆಂಡತಿಯ ಅಣ್ಣ, ಭಟ್ಕಳದವನು. ಎರಡು ವರ್ಷ ಹಡಗಿನ ಅಡಿಗೆಮನೆಯಲ್ಲಿ ಇದ್ದನಂತೆ. ಅಲ್ಲಿ ಅಡಿಗೆ ಮಾಡಿದನೋ ಪಾತ್ರೆ ತೊಳೆದನೋ ಯಾರೂ ಕೇಳಲಿಲ್ಲ. ತಲೆಯ ಮೇಲೆ ಬಿಳಿ ಉದ್ದ ಟೊಪ್ಪಿ ಇದ್ದುದರಿಂದ ಎಲ್ಲರೂ ಅವನನ್ನು ದೊಡ್ಡ ಬಾಣಸಿಗ ಎಂದೇ ನಂಬಿದರು. ಬಾಳೆಹಣ್ಣನ್ನು ಬೆಣ್ಣೆ ಸಕ್ಕರೆಯಲ್ಲಿ ಬಾಡಿಸಿ, ಮೇಲೆ ಏನೋ ಸುರಿದು, ಬೆಂಕಿ ಹಚ್ಚುವುದು ಅವನ ವಿದ್ಯೆ. ಇದೇ ಆ ದಿನದ ಕಲಶ ಎಂದು ಮಾವ ಬೆಳಗಿನಿಂದ ಸಾರಿಕೊಂಡು ತಿರುಗುತ್ತಿದ್ದ.

ಮೇ ತಿಂಗಳ ನಡು ಮಧ್ಯಾಹ್ನ. ಬಿಳಿ ಬಟ್ಟೆಯ ಮೇಲೆ ಬಿಸಿಲು, ಎದುರಿಗೆ ವಿಡಿಯೊದವನ ಲೈಟು. ಹಡಗಿನವನು ಕಡ್ಡಿ ಗೀರಿದ. ಏನೂ ಕಾಣಲಿಲ್ಲ. ಸ್ಪಿರಿಟ್ಟಿನ ಜ್ವಾಲೆ ಅಷ್ಟು ಬೆಳಕಿನಲ್ಲಿ ಕಣ್ಣಿಗೆ ಬೀಳುವುದಿಲ್ಲ. ನಾನೇ ತರಗತಿಯಲ್ಲಿ ಕಿಟಕಿ ಮುಚ್ಚಿಸಿ ತೋರಿಸುತ್ತಿದ್ದ ಸಂಗತಿ.

"ಹೊತ್ತಲೇ ಇಲ್ಲ!" ಎಂದ ಮಾವ. "ಇನ್ನೊಂಚೂರು ಹಾಕೋ, ಕ್ಯಾಮೆರಾದಲ್ಲಿ ಬರೂಕೆ ಬೇಡ್ವ?"

ಅವನು ಬಾಟಲಿ ಬಗ್ಗಿಸಿದ. ಪಕ್ಕದಲ್ಲಿದ್ದ ಫ್ರಾನ್ಸಿನ ಬಾವುಟ ತಾನಾಗಿ ಕಪ್ಪಾಗಿ ಸುರುಟಿಕೊಂಡಿತು. ಹಡಗಿನವನ ಕೈಯ ರೋಮ ಸುಟ್ಟ ವಾಸನೆ ಬಂತು. ಅವನು ಕೈ ಕೊಡವಿ, ಹೆದರಿ, ಬಾಣಲೆಗೆ ಮುಚ್ಚಳ ಬಡಿದ. ಬೆಂಕಿ ಆರಿತು. ಸುರಿದದ್ದರಲ್ಲಿ ಉರಿದು ಹೋಗದೆ ಉಳಿದದ್ದೆಲ್ಲ ಪಾಕದಲ್ಲೇ ನಿಂತಿತು. ಕೆಲವರು ಚಪ್ಪಾಳೆ ತಟ್ಟಿದರು, ಯಾವುದಕ್ಕೆಂದು ಅವರಿಗೂ ಗೊತ್ತಿರಲಿಕ್ಕಿಲ್ಲ.

ಆಗ ನನ್ನ ಮೂಗಿಗೆ ಒಂದು ವಾಸನೆ ಬಂತು. ಶಾಲೆಯ ಸ್ಪಿರಿಟ್ ದೀಪದ್ದು. ವೇದಿಕೆಗೆ ಮಾವ ತನ್ನ ಅಂಗಡಿಯ ಹೊಸ ಸೋಫಾ ತರಿಸಿದ್ದ, ಅದರ ಪಾಲಿಶ್ ಇನ್ನೂ ಒಣಗಿಲ್ಲ ಎಂದುಕೊಂಡೆ. ಸೋಫಾ ಇದ್ದದ್ದು ಒಳಗೆ, ಎಪ್ಪತ್ತು ಹೆಜ್ಜೆ ದೂರ. ಓದಿದ ಬುದ್ಧಿಗೆ ಇಷ್ಟು ಸಾಕಾಯಿತು.

ಜನ ಮುಂದೆ ಬರಲಿಲ್ಲ. ಮಾವಳ್ಳಿಯಿಂದ ಬಂದಿದ್ದ ಒಬ್ಬ ಮುದುಕಿ ಗಟ್ಟಿಯಾಗಿಯೇ ಹೇಳಿದಳು: "ಅಯ್ಯಬ್ಯೋ, ಮದಿ ಮನೆಲಿ ತಿನ್ನು ಪದಾರ್ಥಕ್ಕೆ ಕಿಚ್ಚು ಇಡುದಾ? ನಮ್ಮಲ್ಲಿ ಕಿಚ್ಚಿಡುದು ಎಲ್ಲಿ ಅಂತ ಗೊತ್ತಿಲ್ವ ಇವ್ಕೆ?"

"ಕಿಚ್ಚಾದ್ರೂ ಕಂಡಿತ್ತಾ? ಸುಳ್ಳು ಕಿಚ್ಚು ಮಾರಾಯ್ತಿ," ಎಂದಳು ಜೊತೆಯವಳು. ಇಬ್ಬರೂ ಇನ್ನೊಂದು ಮೇಜಿನ ಗಡಬಡ್ ಐಸ್‌ಕ್ರೀಮಿನ ಕಡೆ ನಡೆದರು. ಅವರ ಹಿಂದೆ ಉಳಿದವರೂ ನಡೆದರು. ಆ ದಿನ ಅಷ್ಟು ಜನರ ಕಣ್ಣು ಉಳಿಸಿದ್ದು ಆ ಮುದುಕಿಯ ಮೂಢನಂಬಿಕೆ. ನನ್ನ ಡಿಗ್ರಿ ಅಲ್ಲಿ ಏನೂ ಮಾಡಲಿಲ್ಲ.

ಮಾವನ ಮುಖ ಸಣ್ಣಗಾಯಿತು. ಸುತ್ತ ನೋಡಿದ. ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಆಯಿ ಕಣ್ಣಿಗೆ ಬಿದ್ದಳು.

"ಅಕ್ಕ, ಬಾ ಇಲ್ಲಿ. ನೀನಾರೂ ತಿನ್ನು. ಇವ್ಕೆಲ್ಲ ಎಂತ ಗೊತ್ತು."

ಆಯಿಗೆ ಈ ತಮ್ಮನೆಂದರೆ ಪ್ರಾಣ. ನನ್ನ ಅಪ್ಪ ತೀರಿಕೊಂಡ ಮೇಲಂತೂ ಅವಳಿಗೆ ಆಸರೆ, ತವರು ಎಂದರೆ ಅವನೊಬ್ಬನೇ. ಅವಳು ಎದ್ದು ಬಂದು, ಕ್ಯಾಮೆರಾಕ್ಕೆ ನಾಚುತ್ತ, ಒಂದು ತಟ್ಟೆ ತಿಂದಳು. "ಹೆಂಗಿತ್ತು?" ಎಂದ. "ಲಾಯಕ್ಕಿತ್ತು," ಎಂದಳು. ಅವನು ಇನ್ನೊಂದು ತಟ್ಟೆ ತುಂಬಿ ಕೊಟ್ಟ. ಅದನ್ನೂ ತಿಂದಳು, ತಮ್ಮನ ಮಾನ ತಟ್ಟೆಯಲ್ಲಿ ಉಳಿಯಬಾರದೆಂದು ಕೊನೆಗೆ ಪಾಕವನ್ನೂ ಕುಡಿದಳು. ನನ್ನ ಪಕ್ಕ ಬಂದು ಪಿಸುಗುಟ್ಟಿದಳು: "ಕಹಿ ಮಾರಾಯ್ತಿ. ಗಂಟಲೆಲ್ಲ ಉರೀತು."

ಒಂದು ಗಂಟೆ ಒಂದು ನಿಮಿಷ. ನಾನು ಹಡಗಿನವನ ಹತ್ತಿರ ಹೋಗಿ, "ಇದಕ್ಕೆ ಎಂತ ಹಾಕಿದ್ರಿ?" ಎಂದು ಕೇಳಿದೆ.

"ಹಡಗಲ್ಲಿ ರಮ್ಮು, ಬ್ರಾಂಡಿ ಹಾಕೂದು. ನಿಮ್ಮ ಮಾವ ಬಿಡ್ಬೇಕಲ್ಲ! ಮದುವೆಮನೆ, ಸರಾಯಿ ಬೇಡ ಅಂದ್ರು. ಅಂಗಡಿದು ಸ್ಪಿರಿಟ್ಟು ಕೊಟ್ರು. ಶುದ್ಧ ಅಲ್ದಾ?"

ಮೇಜಿನ ಕೆಳಗೆ ಇಣುಕಿದೆ. ಬಾಟಲಿಗೆ ತುಂಬಿಸಿಕೊಂಡ ಡಬ್ಬಿ ಇತ್ತು: ಮರಕ್ಕೆ ಪಾಲಿಶ್ ಹೊಡೆಯುವ ಸ್ಪಿರಿಟ್ಟು, ಮೈಮೇಲೆ ತಲೆಬುರುಡೆಯ ಚಿತ್ರ. ಕುಡಿದರೆ ಕಣ್ಣು ಹೋಗುತ್ತದೆ, ಜೀವವೂ ಹೋಗಬಹುದು ಎಂದು ನಾನು ವರ್ಷವರ್ಷ ಮಕ್ಕಳಿಗೆ ಬರೆಸುತ್ತಿದ್ದ ಅದೇ ವಿಷ. ನಮ್ಮ ಮಾವನ ಪ್ರಕಾರ ಸರಾಯಿ ಬಿದ್ದರೆ ಮದುವೆಗೆ ಮೈಲಿಗೆ, ಪಾಲಿಶ್ ಬಿದ್ದರೆ ಮಡಿ.

ಹಡಗಿನವನು ಆಗಲೇ ಮದುಮಕ್ಕಳಿಗೆಂದು ಒಂದು ತಟ್ಟೆ ಜೋಡಿಸಿದ್ದ. ಅದನ್ನೂ ಬಾಣಲೆಯನ್ನೂ ಎತ್ತಿ ತೆಂಗಿನ ಬುಡಕ್ಕೆ ಚೆಲ್ಲಿದೆ. ಮಾವ ಓಡಿ ಬಂದ.

"ಏ ಹೆಣ್ಣೇ, ತಲೆ ಸಮ ಇತ್ತಾ ನಿಂಗೆ? ಜನ ನೋಡ್ತಿದ್ರು!"

"ಆಯಿ ವಿಷ ತಿಂದಿದ್ದಾಳೆ, ಮಾವ. ಕಾರು ತೆಗೆ."

"ಎಂತ ವಿಷ? ಬೆಂಕಿಲಿ ಎಲ್ಲ ಸುಟ್ಟು ಹೋಗ್ತು. ನಾಕಕ್ಷರ ಓದಿದ್ದೆ ಅಂತ ಶುಭ ಕಾರ್ಯದಲ್ಲಿ ಅಪಶಕುನ ನುಡಿತ್ಯ?"

ಕಾರು ಮಂತ್ರಿಮಹೋದಯರಂಥ ಯಾರನ್ನೋ ಬಿಡಲು ಹೋಗಿತ್ತಂತೆ. ನಾನು ಡಬ್ಬಿಯನ್ನು ಸೆರಗಿನಲ್ಲಿ ಸುತ್ತಿ, ಆಯಿಯನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಪೇಟೆಯ ಒಂದು ಖಾಸಗಿ ಆಸ್ಪತ್ರೆಗೆ ಹೊರಟೆ. ಆಯಿ ದಾರಿಯುದ್ದಕ್ಕೂ ಒಂದೇ ಮಾತು: "ಅವನ ಹೆಸರು ಹೇಳ್ಬೇಡ. ಊಟ ಹೆಚ್ಚಾತು ಅನ್ನು."

ನಾವು ಮೆಟ್ಟಿಲು ಹತ್ತುವಷ್ಟರಲ್ಲಿ ಮಾವ ಯಾರದೋ ಸ್ಕೂಟರಿನಲ್ಲಿ ಬಂದಿಳಿದ. ಅಕ್ಕನ ಕಡೆ ನೋಡಲಿಲ್ಲ, ನನ್ನ ರಟ್ಟೆ ಹಿಡಿದ. "ಹಳಸಿದ ಕ್ಷೀರ ತಿಂದ್ಳು ಅಂತ ಹೇಳು. ಸ್ಪಿರಿಟ್ಟು ಅಂದ್ರೆ ಪೊಲೀಸು ಬತ್ತ್ರು. ಸೊಸೆ ಮನೆಯವ್ರು ಇನ್ನೂ ಊಟ ಮಾಡ್ತಿದ್ರು, ಮರ್ಯಾದೆ ಪ್ರಶ್ನೆ."

ನಾನು ಕೈ ಬಿಡಿಸಿಕೊಂಡು ಒಳಗೆ ಹೋಗಿ, ಡಾಕ್ಟರ ಮೇಜಿನ ಮೇಲೆ ಡಬ್ಬಿ ಇಟ್ಟೆ. ಎಷ್ಟು ತಿಂದಳು, ಎಷ್ಟು ಹೊತ್ತಾಯಿತು, ಎಲ್ಲ ಹೇಳಿದೆ. ಡಾಕ್ಟರು ಡಬ್ಬಿಯನ್ನು ತಿರುಗಿಸಿ ತಿರುಗಿಸಿ ಓದಿದರು.

"ಇದರಲ್ಲಿ ಮೆಥನಾಲ್ ವಿಷ ಎಷ್ಟು ಬೆರೆಸಿದ್ದಾರೋ ಗೊತ್ತಿಲ್ಲ. ರಕ್ತದಲ್ಲಿ ನೋಡೋ ಸೌಲಭ್ಯ ಇಲ್ಲಿಲ್ಲ. ಈಗ ಆರಾಮಾಗೇ ಕಾಣ್ತಾರೆ, ಅದಕ್ಕೆ ಅರ್ಥ ಇಲ್ಲ. ಕಣ್ಣಿನ ನರಕ್ಕೆ ಹೊಡೆದರೆ ನಾಳೆ, ನಾಡಿದ್ದು ಗೊತ್ತಾಗತ್ತೆ." ಆಮೇಲೆ ಮಾವನ ಕಡೆ ತಿರುಗಿದರು. "ನೀವು ಹೋಗಿ ಒಂದು ಬಾಟಲಿ ಬ್ರಾಂಡಿ ತನ್ನಿ. ಒಳ್ಳೇ ಕಂಪನಿದು."

"ಎಂತದು?" ಎಂದ ಮಾವ.

"ಬ್ರಾಂಡಿ. ಹೊಟ್ಟೇಲಿ ಅದಿದ್ದರೆ ಈ ವಿಷ ಬೇಗ ಕೆಲಸ ಮಾಡಲ್ಲ. ನಮ್ಮ ಹತ್ರ ಈಗ ಇರೋ ಮದ್ದು ಅದೇ. ಬೇಗ ಹೋಗಿ."

ಜರಿ ಶಲ್ಯ, ಹಣೆಯಲ್ಲಿ ಕುಂಕುಮ, ಎದೆಯ ಮೇಲೆ ಗುಲಾಬಿ ಸಿಕ್ಕಿಸಿಕೊಂಡ ನಮ್ಮ ಮಾವ ಹೊನ್ನಾವರದ ಬಾರಿಗೆ ಹೋಗಿ, ಪೇಪರು ಸುತ್ತಿದ ಬಾಟಲಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದ. ಆ ಕ್ಷಣ ನನಗೆ ನಗು ಬರಬೇಕಿತ್ತು. ಬರಲಿಲ್ಲ. ಇದೇ ಬಾಟಲಿಯನ್ನು ಬೆಳಿಗ್ಗೆ ತಂದಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ ಎಂಬುದು ಅವನಿಗೆ ಹೊಳೆದ ಹಾಗೆ ಕಾಣಲಿಲ್ಲ. "ಯಾರೂ ನೋಡ್ಲಿಲ್ಲ," ಎಂದು ಸಮಾಧಾನಪಟ್ಟುಕೊಂಡ.

ನರ್ಸು ಅದನ್ನು ಮುಸುಂಬಿ ರಸಕ್ಕೆ ಬೆರೆಸಿ ಅಳತೆ ಮಾಡಿ ಕುಡಿಸತೊಡಗಿದಳು. ಕೈಗೆ ಡ್ರಿಪ್ ಹಾಕಿದರು. ಜನ್ಮದಲ್ಲಿ ಮುಟ್ಟದಿದ್ದ ಆಯಿ ಸಂಜೆಯ ಹೊತ್ತಿಗೆ ಕೆಂಪಗಾಗಿ ತಲೆದಿಂಬಿಗೆ ಒರಗಿದಳು. "ತಮ್ಮಾ," ಎಂದಳು, "ಇದು ನಿನ್ನ ಬಾಳೆಹಣ್ಣಿಗಿಂತ ರುಚಿ ಇತ್ತು ನೋಡು." ನರ್ಸು ಬಾಯಿಗೆ ಕೈ ಇಟ್ಟುಕೊಂಡಳು. ಮಾವ, ಸೊಸೆಯನ್ನು ಮನೆ ತುಂಬಿಸಿಕೊಳ್ಳಬೇಕು ಎಂದು ಎದ್ದು ಹೋದ. ಕಣ್ಣಿಗೆ ಏನಾದರೂ ಆದರೆ ದೊಡ್ಡ ಆಸ್ಪತ್ರೆಗೆ ಮೂರು ತಾಸಿನ ದಾರಿ, ಕಾರು ತಯಾರಿರಲಿ ಎಂದು ಡಾಕ್ಟರು ಹೇಳಿದ್ದರು. ಕಾರು ಅಪ್ಸರಕೊಂಡ ಜಲಪಾತ ನೋಡಲು ಹೊರಟ ಬೀಗರ ಜೊತೆ ಹೋಯಿತು.

ಉಳಿದದ್ದು ಕಾಯುವುದು. ಅದರಲ್ಲೂ ಒಂದು ತೊಡಕಿತ್ತು. ಆಯಿಯ ಬಲಗಣ್ಣಿಗೆ ಮೊದಲೇ ಪೊರೆ ಬಂದಿತ್ತು. "ಮಂಜು ಮಂಜು" ಎನ್ನುವುದು ಅವಳ ನಿತ್ಯದ ಮಾತು. ಅದೇ ಮಾತಿಗೆ ಈಗ ನಾನು ಕುರ್ಚಿಯಿಂದ ಎದ್ದು ನಿಲ್ಲುತ್ತಿದ್ದೆ. ಇದು ಹಳೆಯ ಮಂಜೋ, ಹೊಸದೋ? ಎಡಗಣ್ಣಿನಲ್ಲೂ ಇದೆಯೋ? ಗೋಡೆಯ ಕ್ಯಾಲೆಂಡರ್ ತೋರಿಸಿ ತಾರೀಕು ಕೇಳಿದರೆ ನೆನಪಿನಿಂದಲೇ ಹೇಳಿಬಿಡುತ್ತಿದ್ದಳು. ಕಿಟಕಿಯಾಚೆ ನಿಲ್ಲುವ ಬಸ್ಸುಗಳ ಬೋರ್ಡು ಓದಿಸಿದೆ. ಒಂದು ಕಣ್ಣು ಮುಚ್ಚಿಸಿ, ಮತ್ತೊಂದು ಮುಚ್ಚಿಸಿ.

"ಎಂತ ಬರ್ದಿತ್ತು?"

"ಭಟ್ಕಳ."

"ಇದು?"

"ಕುಮಟಾ. ಅದರ ಕೆಳಗೆ ಡ್ರೈವರ್ ನಿನ್ನನ್ನೇ ನೋಡ್ತಿದ್ದ, ಸೆರಗು ಸರಿ ಮಾಡ್ಕೋ."

ಮೂರು ದಿನದ ಮೇಲೆ ಮನೆಗೆ ಕಳಿಸಿದರು. ಧಾರೇಶ್ವರದ ನಮ್ಮ ಮನೆಯಲ್ಲೂ ನಾನು ಬಿಡಲಿಲ್ಲ. ತಾಸಿಗೊಮ್ಮೆ ಎದ್ದು, ಲೈಟು ಹಾಕಿ, ಅವಳ ಮುಖದ ಮುಂದೆ ಬೆರಳು ಹಿಡಿಯುತ್ತಿದ್ದೆ. "ಎರಡು. ಲೈಟು ತೆಗಿ, ಪಿಶಾಚಿ," ಎನ್ನುತ್ತಿದ್ದಳು. ಆದರೆ ಅವಳೂ ನಿದ್ದೆ ಮಾಡುತ್ತಿರಲಿಲ್ಲ. ಒಂದು ಸಲ ನಾನು ಲೈಟು ಹಾಕುವ ಮೊದಲೇ ಅವಳು ತನ್ನ ಕೈಯನ್ನು ತಾನೇ ಕಿಟಕಿಯ ಬೆಳಕಿಗೆ ಹಿಡಿದು ಬೆರಳು ಎಣಿಸಿಕೊಳ್ಳುತ್ತಿದ್ದದ್ದನ್ನು ನೋಡಿದೆ. ಆ ಸಲ ಲೈಟು ಹಾಕಲಿಲ್ಲ.

ಹತ್ತು ದಿನಕ್ಕೆ ಮಾವ ಮಿಕ್ಕ ಬಿಬಿಂಕವನ್ನೂ ಕ್ಯಾಸೆಟ್ಟನ್ನೂ ಹಿಡಿದುಕೊಂಡು ಬಂದ. "ಕಂಡ್ಯಾ, ಎಂತ ಆಗಲಿಲ್ಲಲ? ನೀ ಸುಮ್ನೆ ಊರೆಲ್ಲ ಡಂಗುರ ಹೊಡ್ದೆ," ಎಂದು ನನಗೆ ಹೇಳಿ, ನಮ್ಮ ಟೀವಿಗೇ ಪಕ್ಕದ ಮನೆಯ ವಿಸಿಆರ್ ಜೋಡಿಸಿ ಕೂತ. ಕ್ಯಾಸೆಟ್ಟಿನಲ್ಲೂ ಬೆಂಕಿ ಕಾಣುವುದಿಲ್ಲ. ಆಯಿ ತಿನ್ನುವುದು ಮಾತ್ರ ಸ್ಪಷ್ಟವಾಗಿ ಕಾಣುತ್ತದೆ, ಹಿಂದೆ ಶಹನಾಯಿ ಹಾಕಿದ್ದಾರೆ. "ನೋಡಕ್ಕ, ನೀ ಎಷ್ಟು ಲಾಯಕ್ಕು ಬಂದೆ!" ಎಂದ. ತಪ್ಪಾಯಿತು ಎಂಬ ಮಾತು ಆ ಬಾಯಿಗೆ ಬರಲಿಲ್ಲ. ಆಯಿ ಎದ್ದು ಒಳಗೆ ಹೋಗಿ ಅವನಿಗೆ ಚಾ ಮಾಡಿದಳು. ಅದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಶಾಲೆ ಶುರುವಾಗುವ ಮುಂಚಿನ ಶನಿವಾರ ಕುಮಟೆಗೆ ಕಣ್ಣಿನ ಡಾಕ್ಟರು ಬರುತ್ತಾರೆಂದು ತಿಳಿದು ಕರೆದುಕೊಂಡು ಹೋದೆ. ಹನಿ ಬಿಟ್ಟು, ಒಂದು ತಾಸು ಕೂರಿಸಿ, ಕತ್ತಲೆ ಕೋಣೆಯಲ್ಲಿ ಎರಡೂ ಕಣ್ಣಿನ ಒಳಗೆ ಬೆಳಕು ಬಿಟ್ಟು ನೋಡಿದರು. ನಾನು ಗೋಡೆಗೆ ಒರಗಿ ನಿಂತಿದ್ದೆ.

"ನರ ಚೆನ್ನಾಗಿದೆ. ಎರಡೂ ಕಡೆ," ಎಂದರು ಕೊನೆಗೆ. "ಬಲಗಣ್ಣಿಗೆ ಬರೀ ಪೊರೆ. ಮಳೆಗಾಲ ಮುಗಿದ ಮೇಲೆ ತೆಗೆಸಿ."

ಮನೆಗೆ ಬಂದು ಗಂಜಿ, ಉಪ್ಪಿನಕಾಯಿ ಉಂಡೆವು. ಎಂಟೂವರೆಗೇ ಚಾಪೆ ಹಾಸಿದಳು. ಕಣ್ಣಿಗೆ ಬಿಟ್ಟ ಹನಿಯಿಂದ ಇನ್ನೂ ಎಲ್ಲ ಮಸುಕಾಗಿಯೇ ಕಾಣುತ್ತಿತ್ತಂತೆ. "ಮಂಜು," ಎಂದಳು, ಮಗ್ಗುಲು ಬದಲಿಸಿದಳು, ಗೊರಕೆ ಹೊಡೆದಳು. ನಾನು ಲೈಟಿನ ಸ್ವಿಚ್ಚಿನ ಹತ್ತಿರ ಸ್ವಲ್ಪ ಹೊತ್ತು ಕೂತಿದ್ದು ನೆನಪಿದೆ. ಆಮೇಲಿನದು ನೆನಪಿಲ್ಲ. ಎದ್ದಾಗ ಭಾನುವಾರ ಬೆಳಗಿನ ಎಂಟು ಗಂಟೆ. ಆಯಿ ಇನ್ನೂ ಗೊರಕೆ ಹೊಡೆಯುತ್ತ ಮಲಗಿಯೇ ಇದ್ದಳು.